ಬನ್ನಿ ಕೊಡುವ ಮೊದಲು ಆಡಬೇಕಾದ ಮಾತು

ಪ್ರಶ್ನೆ: ನನಗೆ 52 ವರ್ಷ. ತವರು ಧಾರವಾಡದ ಹತ್ತಿರದ ಹಳ್ಳಿ, ಈಗ ಇರುವುದು ಹುಬ್ಬಳ್ಳಿಯಲ್ಲಿ. ಅವ್ವ ಹಾಸಿಗೆ ಹಿಡಿದ ಎರಡು ವರ್ಷ ನನ್ನ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡೆ. ಆಕೆ ಹೋದ ಮೇಲೆ, ದಿನಕರ್ಮದ ಊಟ ಮುಗಿದು ಬೀಗರು ಬಿಜ್ಜರೆಲ್ಲ ಕೂತಿದ್ದಾಗ, ಅಪ್ಪನ ಹೊಲದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಎಂದು ಅಣ್ಣ ಕೇಳಿದ. ಸ್ವಲ್ಪ ದಿನ ತಡಿ ಅಂದೆ. ‘ಹೊಲದ ಆಶಾಕ್ಕ ಅವ್ವನ ಸೇವಾ ಮಾಡಿದಿ ಏನು?’ ಅಂದ. ಮುಂದಿನ ವಾರವೇ ಹೋಗಿ ಸಹಿ ಹಾಕಿ ಬಂದೆ. ಆರು ವರ್ಷದಿಂದ ಮಾತಿಲ್ಲ. ಒಮ್ಮೆ ಅವನೇ ಬಾಗಿಲಿಗೆ ಬಂದಿದ್ದ, ಒಳಗಿದ್ದೂ ನಾನು ತೆಗೆಯಲಿಲ್ಲ. ಕ್ಷಮಿಸಿಬಿಡು ಅಂತ ಎಲ್ಲರೂ ಹೇಳುತ್ತಾರೆ. ಕ್ಷಮಿಸಿದ್ದೇನೆ ಅಂತಲೇ ನಾನೂ ಅಂದುಕೊಂಡಿದ್ದೇನೆ. ಆದರೂ ರಾತ್ರಿ 3 ಗಂಟೆಗೆ ಎಚ್ಚರವಾದರೆ ಆ ಸಹಿಯೇ ಕಣ್ಣಮುಂದೆ ಬರುತ್ತದೆ. ಈ ದಸರೆಗೆ ಬನ್ನಿ ಕೊಡಲು ತಾನೇ ಬರುತ್ತೇನೆ ಎಂದು ಅತ್ತಿಗೆಯ ಕೈಲಿ ಹೇಳಿಕಳಿಸಿದ್ದಾನೆ. ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಬಿಡಬೇಕು, ಆದರೆ ಅವನಿಗೆ ನೋವಾಗಬಾರದು. ಇದು ಆಗುವ ಮಾತೇ?

ಉತ್ತರ:

ಅಕ್ಕಾ, ನಿಮ್ಮ ನಾಲ್ಕು ಪುಟದ ಪತ್ರವನ್ನು ಮೂರು ಸಲ ಓದಿದೆ. ಇಲ್ಲಿ ಅದರ ಸಾರ ಮಾತ್ರ ಕೊಟ್ಟಿದ್ದೇನೆ. ಗುರುತು ಹತ್ತುವ ವಿವರಗಳನ್ನು ಬದಲಿಸಿದ್ದೇನೆ.

ಮೊದಲು ‘ಕ್ಷಮಿಸಿದ್ದೇನೆ ಅಂದುಕೊಂಡಿದ್ದೇನೆ’ ಎಂಬ ಮಾತಿಗೆ ಬರುತ್ತೇನೆ. ನೀವಿನ್ನೂ ಕ್ಷಮಿಸಿಲ್ಲ. ಅದು ನಿಮ್ಮ ತಪ್ಪೂ ಅಲ್ಲ, ನಿಮ್ಮ ಮನಸ್ಸು ಸಣ್ಣದು ಎಂಬ ಅರ್ಥವೂ ಅಲ್ಲ. ನೀವು ಮಾಡಿದ್ದು ನುಂಗಿಕೊಂಡದ್ದು. ನುಂಗುವುದಕ್ಕೂ ಕ್ಷಮಿಸುವುದಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ, ಎರಡರಲ್ಲೂ ಮನುಷ್ಯ ಸುಮ್ಮನಿರುತ್ತಾನೆ. ಅದಕ್ಕೇ ನಮ್ಮ ಮನೆಗಳಲ್ಲಿ ಒಂದನ್ನು ಇನ್ನೊಂದು ಎಂದು ತಿಳಿಯುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ. ‘ಹೋಗಲಿ ಬಿಡು’ ಎಂಬುದು ದೊಡ್ಡ ಮಾತು. ಆದರೆ ಅದನ್ನು ಹೇಳುವ ಅಧಿಕಾರ ಏಟು ತಿಂದವರಿಗೆ ಮಾತ್ರ ಇದೆ. ನಿಮ್ಮ ವಿಷಯದಲ್ಲಿ ಊರವರೆಲ್ಲ ಅದನ್ನು ಹೇಳಿ ಮುಗಿಸಿದರು, ನಿಮ್ಮ ಸರದಿ ಬರಲೇ ಇಲ್ಲ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರಾಬರ್ಟ್ ಎನ್‌ರೈಟ್ 1985ರಿಂದ ಕ್ಷಮೆಯೊಂದನ್ನೇ ಅಧ್ಯಯನ ಮಾಡುತ್ತ ಬಂದವರು. ಅವರು ಕ್ಷಮೆಯ ಹಾದಿಯನ್ನು ನಾಲ್ಕು ಹಂತವಾಗಿ ನೋಡುತ್ತಾರೆ. ಅದರಲ್ಲಿ ಮೊದಲನೆಯದು ಕ್ಷಮಿಸುವ ನಿರ್ಧಾರವಲ್ಲ, ಸಿಟ್ಟನ್ನು ಹೊರತೆಗೆದು ನೋಡುವುದು. ನನಗೆ ಅನ್ಯಾಯವಾಗಿದೆ, ಸಿಟ್ಟಾಗುವುದಕ್ಕೆ ನನಗೆ ಹಕ್ಕಿದೆ ಎಂದು ಒಪ್ಪಿಕೊಂಡವರು ಮಾತ್ರ ಆಮೇಲೆ ಆ ಸಿಟ್ಟನ್ನು ತಾವಾಗಿ ಕೆಳಗಿಡಬಲ್ಲರು. ಕೈಯಲ್ಲಿ ಹಿಡಿದೇ ಇಲ್ಲದ್ದನ್ನು ಕೆಳಗಿಡುವುದು ಹೇಗೆ? ಅದೇ ದೇಶದ ಎವರೆಟ್ ವರ್ದಿಂಗ್ಟನ್ ಇನ್ನೊಂದು ಭೇದವನ್ನು ತೋರಿಸಿದರು. ಸೇಡು ತೀರಿಸುವುದಿಲ್ಲ, ಕೆಟ್ಟದ್ದು ಬಯಸುವುದಿಲ್ಲ ಎಂದು ಬುದ್ಧಿ ಮಾಡುವ ನಿರ್ಧಾರ ಒಂದು. ಒಳಗಿನ ಉರಿ ನಿಜವಾಗಿ ಆರುವುದು ಇನ್ನೊಂದು. ಮೊದಲನೆಯದು ಒಂದೇ ದಿನದಲ್ಲಿ ಆಗಬಹುದು, ಎರಡನೆಯದಕ್ಕೆ ತಿಂಗಳುಗಳೇ ಬೇಕು. ನಿಮ್ಮಲ್ಲಿ ಮೊದಲನೆಯದು ಯಾವತ್ತೋ ಆಗಿದೆ. ರಾತ್ರಿ 3 ಗಂಟೆಗೆ ಎಬ್ಬಿಸುತ್ತಿರುವುದು ಎರಡನೆಯದು.

ಈಗ ನಿಮ್ಮ ಪತ್ರದಲ್ಲಿ ನಾನು ಕಂಡ ಒಂದು ಸಂಗತಿ. ಅಣ್ಣ ಆಡಿದ ಮಾತನ್ನು ನೀವು ಒಂದೇ ಸಲ ಬರೆದಿದ್ದೀರಿ. ಹೊಲ ಎಷ್ಟು ಎಕರೆ ಎಂಬುದೂ ಒಂದೇ ಸಲ ಬಂದಿದೆ. ಸಹಿಯ ವಿಷಯ ಮಾತ್ರ ಐದು ಸಲ ಬಂದಿದೆ. ನೋಂದಣಿ ಕಚೇರಿಯ ಬೆಂಚು, ಹೆಬ್ಬೆಟ್ಟಿನ ಯಂತ್ರದ ಮೇಲೆ ಬೆರಳು ಸರಿಯಾಗಿ ಕೂರದೆ ಮೂರು ಸಲ ಒತ್ತಿಸಿದ್ದು, ಹೊರಗೆ ಬಂದು ಅಣ್ಣ ಕೊಡಿಸಿದ ಚಹಾ ಕುಡಿಯದೆ ಬಸ್ಸು ಹತ್ತಿದ್ದು. ಎಷ್ಟು ನಿಚ್ಚಳವಾಗಿ ಬರೆದಿದ್ದೀರಿ ನೋಡಿ. ನನಗೆ ಅನಿಸುವುದು ಇಷ್ಟು: ಅಣ್ಣನ ಮೇಲಿನ ಸಿಟ್ಟು ಇದೆ, ನಿಜ. ಅದಕ್ಕಿಂತ ದೊಡ್ಡ ಸಿಟ್ಟು ನಿಮಗೆ ನಿಮ್ಮ ಮೇಲೇ ಇದೆ. ‘ಆಸೆಗೆ ಮಾಡಿದವಳಲ್ಲ’ ಎಂದು ತೋರಿಸುವುದಕ್ಕೆ ಸಹಿ ಹಾಕಿದಿರಿ. ಆದರೆ ಸಹಿ ಹಾಕಿದ್ದರಿಂದ ಆ ಮಾತು ಸುಳ್ಳಾಗಲಿಲ್ಲ, ಹಾಗೇ ಉಳಿಯಿತು. ಹಕ್ಕೂ ಹೋಯಿತು, ಕಳಂಕವೂ ಹೋಗಲಿಲ್ಲ. ನೀವು ಅಣ್ಣನನ್ನು ಇವತ್ತೇ ಪೂರ್ತಿ ಕ್ಷಮಿಸಿದರೂ ಈ ಎಚ್ಚರ ನಿಲ್ಲುವುದು ನನಗೆ ಅನುಮಾನ, ಏಕೆಂದರೆ ಸಹಿ ಹಾಕಿದ ಆ ಹೆಣ್ಣುಮಗಳನ್ನು ನೀವಿನ್ನೂ ಕ್ಷಮಿಸಿಲ್ಲ. ಅವಳು ಎರಡು ವರ್ಷ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಹೆತ್ತವ್ವನನ್ನು ಕಳೆದುಕೊಂಡು ಎರಡು ವಾರವೂ ಆಗಿರಲಿಲ್ಲ. ಅವಳಿಂದ ಬೇರೆ ಏನನ್ನು ನಿರೀಕ್ಷಿಸುತ್ತೀರಿ?

ಹೊಲದ ಮಾತನ್ನು ಇಲ್ಲೇ ಮುಗಿಸುತ್ತೇನೆ. ಮುಂದಕ್ಕೆ ಅದು ಅಡ್ಡ ಬರಬಾರದು. ಕ್ಷಮಿಸುವುದು ಎಂದರೆ ಹಕ್ಕು ಬಿಡುವುದಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ಅದು ಹುಟ್ಟಿನಿಂದಲೇ ಬರುವ ಹಕ್ಕು, ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕೆಂದೇನೂ ಇಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕರ್ನಾಟಕ 1994ರಲ್ಲೇ ಇಂಥ ತಿದ್ದುಪಡಿ ತಂದಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಅದು ಹೊರಗಿಟ್ಟಿತ್ತು. ನೀವು ನೋಂದಾಯಿತ ಪತ್ರಕ್ಕೆ ಸಹಿ ಹಾಕಿದ್ದೀರಿ. ಇಂಥ ಪತ್ರವನ್ನು ರದ್ದು ಮಾಡಿಸಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ ಇರುತ್ತದೆ, ಆರು ವರ್ಷದ ಮೇಲೆ ಏನು ಸಾಧ್ಯ ಎಂಬುದನ್ನು ವಕೀಲರೇ ಹೇಳಬೇಕು. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದಲ್ಲಿ ನೆರವು ಉಚಿತ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿ, ಅಥವಾ 15100ಕ್ಕೆ ಫೋನ್ ಮಾಡಿ. ಹೊಲ ಬೇಕೋ ಬೇಡವೋ ಎಂಬುದನ್ನು ದಸರೆಗೂ ಮೊದಲು ನಿಮ್ಮೊಳಗೆ ತೀರ್ಮಾನಿಸಿಕೊಳ್ಳಿ. ಆದರೆ ಅಣ್ಣನ ಜೊತೆ ಮನಸ್ಸಿನ ಮಾತಾಡುವ ದಿನ ಹೊಲದ ಮಾತು ತೆಗೆಯಬೇಡಿ. ಎರಡನ್ನೂ ಒಟ್ಟಿಗೆ ಹೇಳಿದರೆ ಅವನ ಕಿವಿಗೆ ಬೀಳುವುದು ಹೊಲ ಮಾತ್ರ. ‘ನೋಡು, ಕಡೀಕ ಹೊಲಕ್ಕ ಬಂತು’ ಎಂದುಕೊಂಡರೆ ಆರು ವರ್ಷದ ಹಿಂದಿನ ಆ ಮಾತೇ ಅವನಿಗೆ ಮತ್ತೆ ಖರೇ ಆಗಿಬಿಡುತ್ತದೆ.

ಮಾತಾಡುವ ಮೊದಲು ಬರೆಯಿರಿ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರಿಗೆ ನಾನು ಕೊಡುವ ಮೊದಲ ಕೆಲಸ ಇದು. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆಯಲು ಹೇಳಿದರು. ಕೆಲವರು ಬದುಕಿನ ಕಹಿ ಘಟನೆಯಲ್ಲಿ ಏನಾಯಿತು ಎಂಬುದನ್ನಷ್ಟೇ ಬರೆದರು. ಕೆಲವರು ಏನನಿಸಿತು ಎಂಬುದನ್ನಷ್ಟೇ ಬರೆದರು. ಇನ್ನು ಕೆಲವರು ಎರಡನ್ನೂ ಸೇರಿಸಿ ಬರೆದರು. ಮತ್ತೊಂದು ಗುಂಪಿಗೆ ಸಂಬಂಧವಿಲ್ಲದ ಸಾಮಾನ್ಯ ವಿಷಯ ಕೊಟ್ಟಿದ್ದರು. ಎರಡನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೆದ ದಿನ ಮಾತ್ರ ಅವರ ಮನಸ್ಸು ಹಗುರಾಗಿರಲಿಲ್ಲ, ಇನ್ನಷ್ಟು ಭಾರವಾಗಿತ್ತು. ನಿಮಗೂ ಹಾಗೇ ಆಗಬಹುದು, ಹೆದರಬೇಡಿ. ಆಮೇಲೆ ಇಂಥ ನೂರಾರು ಅಧ್ಯಯನಗಳು ನಡೆದಿವೆ. ಪರಿಣಾಮ ಎಲ್ಲರಲ್ಲೂ ಒಂದೇ ರೀತಿ ಇಲ್ಲ, ಪವಾಡವೂ ಅಲ್ಲ. ಆದರೆ ಖರ್ಚಿಲ್ಲದ, ಯಾರ ಅಪ್ಪಣೆಯೂ ಬೇಡದ ದಾರಿ ಇದು.

ಬರೆಯುವಾಗ ವ್ಯಾಕರಣ ನೋಡಬೇಡಿ, ಮನೆಯಲ್ಲಿ ಆಡುವ ಭಾಷೆಯಲ್ಲೇ ಬರೆಯಿರಿ. ಬೈಗುಳ ಬಂದರೆ ಬರಲಿ. ಇದು ಅಣ್ಣನಿಗೆ ಕಳಿಸುವ ಪತ್ರವಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರೆಯುವುದೂ ಬೇಡ, ಬೆರಳು ತಪ್ಪಿ ಹೋಗಿಬಿಡುತ್ತದೆ. ಹಾಳೆಯ ಮೇಲೆ ಬರೆದು ಯಾರಿಗೂ ಸಿಗದಂತೆ ಎತ್ತಿಡಿ. ನಾಲ್ಕನೇ ದಿನ ಎಲ್ಲವನ್ನೂ ಒಟ್ಟಿಗೆ ಓದಿ. ಪೆನ್ನೆಬೇಕರ್ ಮತ್ತು ಅವರ ಸಂಗಡಿಗರು ಮುಂದೆ ಜನ ಬರೆದ ಪದಗಳನ್ನೇ ಎಣಿಸಿ ನೋಡಿದರು. ದಿನ ಕಳೆದಂತೆ ‘ಯಾಕೆಂದರೆ’, ‘ಈಗ ತಿಳಿಯುತ್ತಿದೆ’ ಎಂಬ ಜಾತಿಯ ಪದಗಳು ಯಾರ ಬರಹದಲ್ಲಿ ಹೆಚ್ಚಿದವೋ ಅವರಿಗೆ ಲಾಭವೂ ಹೆಚ್ಚಾಗಿತ್ತು. ಬರೀ ‘ಹಾಗಂದ, ಹೀಗಂದ’ ಎಂದು ಮೊದಲ ದಿನದ್ದನ್ನೇ ನಾಲ್ಕೂ ದಿನ ಬರೆದರೆ ಗಾಣದೆತ್ತಿನಂತೆ ಸುತ್ತಿದ್ದೇ ಬಂತು. ಮೂರನೇ ದಿನದ ಹೊತ್ತಿಗೆ ಒಮ್ಮೆಯಾದರೂ ಅಣ್ಣನ ಕಡೆಯಿಂದ ಬರೆದು ನೋಡಿ: ಅವತ್ತು ಅಷ್ಟು ಜನರ ನಡುವೆ ಅವನಿಗೆ ಯಾವ ಭಯ ಇತ್ತು? ಅವ್ವನನ್ನು ನೋಡಿಕೊಳ್ಳಲಾಗಲಿಲ್ಲ ಎಂಬ ಅಳುಕು ಅವನನ್ನು ಚುಚ್ಚುತ್ತಿತ್ತೇ? ನೀವು ಮಾಡಿದ ಸೇವೆಯೇ ಅವನಿಗೆ ಕನ್ನಡಿಯಾಗಿತ್ತೇ? ಇದು ಅವನ ಪರ ವಕಾಲತ್ತು ಅಲ್ಲ. ಅವನು ಆಡಿದ್ದು ತಪ್ಪೇ. ಆ ತಪ್ಪು ಹುಟ್ಟಿದ ಜಾಗ ಕಂಡರೆ ‘ಅವನ ಕಣ್ಣಲ್ಲಿ ನಾನು ಅಂಥವಳು’ ಎಂಬ ನಿಮ್ಮ ನಂಬಿಕೆ ಸ್ವಲ್ಪ ಸಡಿಲಾಗುತ್ತದೆ. ಒಂದು ಎಚ್ಚರಿಕೆ: ಬರೆಯುತ್ತ ಕೈಕಾಲು ನಡುಗಿದರೆ, ಮನಸ್ಸು ತಡೆಯಲಾರದಷ್ಟು ಕದಡಿದರೆ ಅಲ್ಲಿಗೇ ನಿಲ್ಲಿಸಿ ಬೇರೆ ವಿಷಯ ಬರೆಯಿರಿ.

ದಿನಾ ತಂಗಿಗೆ ಫೋನ್ ಮಾಡಿ ಈ ಕಥೆ ಹೇಳಿ ಮನಸ್ಸು ಹಗುರ ಮಾಡಿಕೊಳ್ಳುತ್ತೇನೆ ಎಂದಿದ್ದೀರಿ. ಆರು ವರ್ಷದಲ್ಲಿ ಹಗುರಾಗಿದೆಯೇ? ಸಿಟ್ಟನ್ನು ಹೊರಹಾಕಿದರೆ ಖಾಲಿಯಾಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಬ್ರಾಡ್ ಬುಷ್‌ಮನ್ ಎಂಬ ಮನೋವಿಜ್ಞಾನಿ 2002ರಲ್ಲಿ ಇದನ್ನು ಪರೀಕ್ಷಿಸಿದರು. ಸಿಟ್ಟು ಬರಿಸಿದವನ ಮುಖ ನೆನೆಯುತ್ತ ಚೀಲಕ್ಕೆ ಗುದ್ದಿದವರ ಸಿಟ್ಟು ಇಳಿಯಲಿಲ್ಲ. ಏನೂ ಮಾಡದೆ ಸುಮ್ಮನೆ ಕೂತವರಿಗಿಂತ ಅವರೇ ಹೆಚ್ಚು ಕೆರಳಿದ್ದರು. ತಂಗಿಯ ಜೊತೆಗಿನ ಮಾತು ಬಿಡಬೇಡಿ. ಈ ಕಥೆಯನ್ನು ಮಾತ್ರ ದಸರೆಯವರೆಗೆ ಬದಿಗಿಡಿ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ: ಎಲ್ಲ ಹೇಳಬೇಕು, ಅವನಿಗೆ ನೋವಾಗಬಾರದು. ನೇರವಾಗಿ ಹೇಳುತ್ತೇನೆ, ನೋವಾಗುತ್ತದೆ. ಒಡಹುಟ್ಟಿದವಳಿಗೆ ತಾನು ಇಂಥದ್ದು ಮಾಡಿದೆ ಎಂದು ತಿಳಿದಾಗ ನೋಯದ ಅಣ್ಣನಿದ್ದರೆ ಅವನ ಜೊತೆ ಮಾತಾಡಿ ಪ್ರಯೋಜನವೂ ಇಲ್ಲ. ನೋವಾಗಬಾರದು ಎಂಬ ಷರತ್ತು ಹಾಕಿಕೊಂಡರೆ ನೀವು ಮತ್ತೆ ನುಂಗುವುದೇ ಗತಿ. ಆ ಷರತ್ತನ್ನು ಹೀಗೆ ಬದಲಿಸಿಕೊಳ್ಳಿ: ನಾನು ಅವನನ್ನು ಗಾಯ ಮಾಡುವುದಿಲ್ಲ, ಹೀಯಾಳಿಸುವುದಿಲ್ಲ, ಅವನ ಹೆಂಡತಿ ಮಕ್ಕಳನ್ನು ನಡುವೆ ಎಳೆಯುವುದಿಲ್ಲ. ಇಷ್ಟು ನಿಮ್ಮ ಕೈಯಲ್ಲಿದೆ. ಸತ್ಯ ಕೇಳಿ ಅವನಿಗೆ ಆಗುವ ನೋವು ನಿಮ್ಮ ಕೈಯಲ್ಲಿಲ್ಲ, ಅದನ್ನು ಅವನೇ ಹೊರಬೇಕು. ಹೊರಬಲ್ಲ ಎಂದು ನಂಬುವುದು ಅಣ್ಣನಿಗೆ ನೀವು ಕೊಡುವ ಗೌರವ.

ಇಲ್ಲಿ ನಮ್ಮ ಭಾಷೆಯೇ ನಿಮಗೆ ಒದಗಿಬರುತ್ತದೆ. ಮಾತು ‘ನೀನು’ ಎಂದು ಶುರುವಾಗುವ ಬದಲು ‘ನಾನು’ ಎಂದು ಶುರುವಾಗಲಿ ಎಂದು ಥಾಮಸ್ ಗಾರ್ಡನ್ ಎಂಬ ಮನೋವಿಜ್ಞಾನಿ 1960ರ ದಶಕದಿಂದ ಅಪ್ಪ ಅಮ್ಮಂದಿರಿಗೆ ಕಲಿಸುತ್ತಿದ್ದರು. ಕನ್ನಡ ಇನ್ನೂ ಒಂದು ಹೆಜ್ಜೆ ಮುಂದಿದೆ. ನಮಗೆ ಸಿಟ್ಟು ‘ಬರುತ್ತದೆ’, ನೋವು ‘ಆಗುತ್ತದೆ’, ಬೇಜಾರು ‘ಆಗುತ್ತದೆ’. ‘ನನಗ ಭಾಳ ನೋವಾತು’ ಎಂಬ ವಾಕ್ಯದಲ್ಲಿ ಅಪರಾಧಿ ಯಾರೂ ಇಲ್ಲ, ನೋವು ಮಾತ್ರ ಇದೆ, ಅದು ಯಾರಿಗಾಯಿತು ಎಂಬುದಿದೆ. ‘ನೀ ನನ್ನ ನೋಯಿಸಿದಿ’ ಎಂದರೆ ಅವನು ತಕ್ಷಣ ತಪ್ಪಿಸಿಕೊಳ್ಳಲು ನೋಡುತ್ತಾನೆ. ‘ನನಗ ನೋವಾತು’ ಎಂದರೆ ತಪ್ಪಿಸಿಕೊಳ್ಳಲು ಅಲ್ಲಿ ಏನೂ ಇಲ್ಲ, ಕೇಳಿಸಿಕೊಳ್ಳಬೇಕಷ್ಟೇ.

ಇದರಲ್ಲಿ ಒಂದು ಕಳ್ಳದಾರಿಯೂ ಇದೆ. ‘ನನಗೆ ನೀನು ಸ್ವಾರ್ಥಿ ಅನಿಸಿತು’ ಎಂಬುದು ಭಾವನೆಯಲ್ಲ, ‘ಅನಿಸಿತು’ ಎಂಬ ಶಾಲು ಹೊದ್ದ ಆರೋಪ. ಅವನ ಸ್ವಭಾವದ ಬಗ್ಗೆ ಒಂದು ಪದವೂ ಬೇಡ. ‘ಯಾವಾಗಲೂ’, ‘ಮೊದಲಿನಿಂದಲೂ’ ಎಂಬ ಪದಗಳೂ ಬೇಡ, ಅವು ಆರು ವರ್ಷದ ಜಗಳವನ್ನು ಐವತ್ತು ವರ್ಷಕ್ಕೆ ಎಳೆಯುತ್ತವೆ. ಇನ್ನೊಂದು ಸೂಕ್ಷ್ಮವನ್ನು ಗಮನಿಸಿ: ‘ನೀ ಅಂದಿ’ ಎನ್ನುವುದಕ್ಕೂ ‘ನೀ ಅಂದಬಿಟ್ಟಿ’ ಎನ್ನುವುದಕ್ಕೂ ಎಷ್ಟು ಅಂತರ! ಮೊದಲನೆಯದು ಎದುರಿಗಿಟ್ಟ ಸಾಕ್ಷಿ. ಎರಡನೆಯದರಲ್ಲಿ ಮಾತು ಬಾಯಿ ಜಾರಿ ಬಂದಿರಬಹುದು ಎಂಬ ಸಣ್ಣ ಬಾಗಿಲು ತೆರೆದಿರುತ್ತದೆ. ಅವನು ಹಿಂದಕ್ಕೆ ಬರಬೇಕಾದರೆ ಆ ಬಾಗಿಲು ಬೇಕು.

ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ. ನಿಮ್ಮ ಬಾಯಿಗೆ ಹೊಂದುವಂತೆ ತಿದ್ದಿಕೊಳ್ಳಿ:

‘ಅಣ್ಣಾ, ಅವ್ವನ ದಿನದಂದು ಎಲ್ಲಾರ ಮುಂದ, ಹೊಲದ ಆಶಾಕ್ಕ ಸೇವಾ ಮಾಡಿದಿ ಏನು ಅಂತ ಅಂದಬಿಟ್ಟಿ. ನನಗ ಭಾಳ ನೋವಾತು, ಇನ್ನೂ ಅದ. ಅವ್ವನ ನೋಡಿಕೊಂಡಿದ್ದು ಅವ್ವ ಅಂತ. ಆ ಮಾತು ಖರೇ ಅಲ್ಲ ಅಂತ ನಿನ್ನ ಬಾಯಿಂದ ಒಮ್ಮೆ ಕೇಳಬೇಕಾಗೇದ.’

ಇಷ್ಟೇ. ಆಮೇಲೆ ಸುಮ್ಮನಿರಿ. ಆ ಮೌನವನ್ನು ತುಂಬಲು ಐದನೇ ವಾಕ್ಯ ಸೇರಿಸಬೇಡಿ, ಅದು ಬಹಳ ಸಲ ಜಗಳದ ವಾಕ್ಯವೇ ಆಗಿರುತ್ತದೆ. ಕೊನೆಯ ವಾಕ್ಯವನ್ನು ನೋಡಿ, ಅದರಲ್ಲಿ ನೀವು ಏನು ಕೇಳುತ್ತಿದ್ದೀರಿ ಎಂಬುದು ಸ್ಪಷ್ಟವಾಗಿದೆ. ಮನಸ್ಸಿನಲ್ಲಿರುವುದೆಲ್ಲ ಹೇಳುವುದು ಎಂದರೆ ಆರು ವರ್ಷದ ಎಲ್ಲವನ್ನೂ ಸುರಿಯುವುದಲ್ಲ. ಎಲ್ಲಕ್ಕೂ ಬೇರಾದ ಒಂದು ಮಾತನ್ನು ಕಡಿಮೆ ಮಾಡದೆ, ಹೆಚ್ಚು ಮಾಡದೆ ಹೇಳುವುದು. ಉಳಿದದ್ದನ್ನು ಹಾಳೆ ಕೇಳಿಸಿಕೊಂಡಿರುತ್ತದೆ.

ಬನ್ನಿ ಹಬ್ಬದ ದಿನ ಇದನ್ನು ಆಡಬೇಡಿ. ಅವತ್ತು ಮನೆ ತುಂಬ ಜನ. ಅವನು ಜನರೆದುರು ಆಡಿದ್ದರಿಂದ ಉತ್ತರವೂ ಜನರೆದುರೇ ಆಗಲಿ ಎಂಬ ಆಸೆ ನಿಮಗಿದ್ದರೆ ಅದು ಸಹಜ. ಆದರೆ ನಾಲ್ಕು ಜನರ ಮುಂದೆ ಗಂಡಸು ಮೊದಲು ಕಾಯುವುದು ತನ್ನ ಮಾನವನ್ನು, ತಂಗಿಯ ಮನಸ್ಸನ್ನಲ್ಲ. ಒಂದು ವಾರ ಮೊದಲೇ ‘ಬಾ ಅಣ್ಣ, ಸ್ವಲ್ಪ ಮಾತಾಡೋದಿದೆ’ ಎಂದು ಕರೆಯಿರಿ. ಎದುರುಬದುರು ಕೂರುವ ಬದಲು ಜೊತೆಯಲ್ಲಿ ನಡೆಯುತ್ತ ಮಾತಾಡುವುದು ಸುಲಭ, ಕಣ್ಣು ತಪ್ಪಿಸಲು ಜಾಗ ಇರುತ್ತದೆ. ಮೊದಲು ಆ ದಿನ ಬಾಗಿಲು ತೆಗೆಯದಿದ್ದಕ್ಕೆ ನೀವೇ ತಪ್ಪಾಯಿತು ಎನ್ನಿ. ಅಷ್ಟನ್ನೇ ಹೇಳಿ, ‘ಯಾಕೆಂದರೆ ನೀನು’ ಎಂದು ಮುಂದುವರಿಸಬೇಡಿ. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಜಾನ್ ಗಾಟ್‌ಮನ್ ಕಂಡುಕೊಂಡದ್ದೆಂದರೆ, ಮಾತಿನ ಮೊದಲ ಮೂರು ನಿಮಿಷ ಹೇಗಿರುತ್ತದೋ ಕೊನೆಯೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಒಡಹುಟ್ಟಿದವರಲ್ಲೂ ನಾನು ಇದನ್ನೇ ನೋಡಿದ್ದೇನೆ. ಎದೆ ಡವಡವ ಎನ್ನತೊಡಗಿ ಮಾತು ಕೇಳಿಸದಂತಾದರೆ ‘ಚಹಾ ಮಾಡ್ತೀನಿ’ ಎಂದು ಎದ್ದು ಹೋಗಿ. ಮೈ ಶಾಂತವಾಗಲು ಕನಿಷ್ಠ 20 ನಿಮಿಷ ಬೇಕು. ಅದಕ್ಕೂ ಮೊದಲು ಆಡಿದ್ದು ನಿಮ್ಮ ಮಾತಲ್ಲ, ನಿಮ್ಮ ಎದೆಬಡಿತದ ಮಾತು.

ಅವನು ‘ನಾ ಹಂಗ ಅಂದೇ ಇಲ್ಲ’ ಎನ್ನಬಹುದು. ಇದಕ್ಕೆ ತಯಾರಾಗಿಯೇ ಹೋಗಿ, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ಉತ್ತರ ಇದೇ. ಆಡಿದವರಿಗೆ ಮರೆಯುತ್ತದೆ, ಕೇಳಿದವರಿಗೆ ಮರೆಯುವುದಿಲ್ಲ. ಸಾಕ್ಷಿ ಕರೆಯಬೇಡಿ. ‘ನಿನಗ ನೆನಪಿಲ್ಲದಿರಬಹುದು. ನನಗ ಅದ. ಈಗ ಹೇಳು, ನೀ ಹಂಗ ತಿಳಕೊಂಡೀ ಏನು?’ ಎಂದು ಕೇಳಿ. ಹಳೆಯ ಮಾತನ್ನು ಒಪ್ಪಿಕೊಳ್ಳುವುದಕ್ಕಿಂತ ಇವತ್ತಿನ ಮನಸ್ಸನ್ನು ಹೇಳುವುದು ಅವನಿಗೆ ಹಗುರ, ನಿಮಗೆ ಬೇಕಾದದ್ದೂ ಅದೇ. ‘ನೀನೂ ಅಂದಿಲ್ಲೇನು?’ ಎಂದರೆ ಪೂರ್ತಿ ಕೇಳಿ. ಆರು ವರ್ಷ ಅವನ ಕಡೆಯೂ ಒಂದು ಕಥೆ ಬೆಳೆದಿರುತ್ತದೆ.

ಏನೂ ಹೇಳದೆ ಎದ್ದು ಹೋದರೆ? ಆಗಲೂ ನೀವು ಸೋತಿರುವುದಿಲ್ಲ. ಕ್ಷಮೆಗೆ ಅವನ ಒಪ್ಪಿಗೆ ಬೇಡ, ಅದು ನಿಮ್ಮೊಳಗಿನ ಕೆಲಸ. ಮತ್ತೆ ಒಂದಾಗುವುದಕ್ಕೆ ಮಾತ್ರ ಇಬ್ಬರೂ ಬೇಕು. ಕ್ಷಮಿಸಿಯೂ ದೂರ ಇರಬಹುದು. ಹಬ್ಬಕ್ಕೆ ಬನ್ನಿ ಕೊಟ್ಟು, ಮನೆಯ ವ್ಯವಹಾರದಲ್ಲಿ ಅಂತರ ಕಾಯ್ದುಕೊಳ್ಳಬಹುದು. (ಹೊಡೆತ, ಬೆದರಿಕೆ ಇರುವ ಮನೆಗಳಿಗೆ ನನ್ನ ಈ ಸಲಹೆ ಅಲ್ಲ. ಅಲ್ಲಿ ಮೊದಲು ಸುರಕ್ಷತೆ, ಮಾತು ಆಮೇಲೆ.)

ಆದರೂ ನನಗೆ ಭರವಸೆ ಇದೆ, ಕಾರಣ ಹೇಳುತ್ತೇನೆ. ನಿಮ್ಮ ಕಡೆ ಕಿರಿಯರು ಹಿರಿಯರ ಮನೆಗೆ ಹೋಗಿ ಬನ್ನಿ ಕೊಟ್ಟು, ಕಾಲು ಮುಟ್ಟಿ, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಎನ್ನುವುದು ರೂಢಿ. ಇಲ್ಲಿ ಹಿರಿಯನೇ ಕಿರಿಯಳ ಮನೆಗೆ ಬರುತ್ತೇನೆ ಎಂದಿದ್ದಾನೆ. ಒಮ್ಮೆ ಮುಚ್ಚಿದ ಬಾಗಿಲಿಗೇ ಮತ್ತೆ ಬರುತ್ತಿದ್ದಾನೆ. ಬಾಯಿಂದ ಬರದ ಮಾತನ್ನು ಅವನು ಕಾಲಿಂದ ಆಡುತ್ತಿರಬಹುದು. ನಿಮಗೆ ಬಾಯಿಯ ಮಾತೂ ಬೇಕು, ಅದನ್ನು ಕೇಳುವ ಹಕ್ಕು ನಿಮಗಿದೆ. ಆದರೆ ಅವನು ಇಟ್ಟ ಹೆಜ್ಜೆಯನ್ನು ಕಂಡಿದ್ದೇನೆ ಎಂದು ಅವನಿಗೆ ಹೇಳಿ.

ನಿದ್ದೆಯ ವಿಷಯವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಎರಡು ವಾರಕ್ಕೂ ಮೀರಿ ದಿನವೆಲ್ಲ ಮನಸ್ಸು ಕುಗ್ಗಿದ್ದರೆ, ಊಟ ಸೇರದಿದ್ದರೆ, ಬದುಕು ಸಾಕೆನಿಸಿದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ 3 ಗಂಟೆಗೂ ಎತ್ತುತ್ತಾರೆ.

ಇನ್ನೊಂದು ಮಾತು. ನಾಲ್ಕು ಪುಟದಲ್ಲಿ ಅಣ್ಣ ಇದ್ದಾನೆ, ಹೊಲ ಇದೆ, ಸಹಿ ಇದೆ. ಅವ್ವ ಹೋದಳು ಎಂಬುದು ಒಂದೇ ಸಾಲು. ಎರಡು ವರ್ಷ ಮಗ್ಗುಲು ಬದಲಿಸಿ, ತಲೆ ಬಾಚಿ, ಗಂಜಿ ಕುಡಿಸಿದ ಅವ್ವನಿಗಾಗಿ ಅಳುವುದಕ್ಕೆ ನಿಮಗೆ ಪುರಸೊತ್ತೇ ಸಿಗಲಿಲ್ಲ. ಹದಿನೈದು ದಿನದೊಳಗೆ ಆ ಜಾಗಕ್ಕೆ ಜಗಳ ಬಂದು ಕೂತುಬಿಟ್ಟಿತು. ಹಾಗಾಗಿ ಇವತ್ತು ರಾತ್ರಿ ಬರೆಯಲು ಕೂತಾಗ ಮೊದಲ 15 ನಿಮಿಷ ಅವ್ವನ ಬಗ್ಗೆ ಬರೆಯಿರಿ. ಅಣ್ಣನ ಬಗ್ಗೆ ನಾಳೆ ಬರೆದರಾಯಿತು.